ಮೂರು ಮಡಿ, ತೊಂಬತ್ತು ದಿನ: ಹಿಂಗಾರಿನ ಕೈತೋಟಕ್ಕೆ ನಮ್ಮ ಲೆಕ್ಕ

ಹೋದ ವರ್ಷ ರಾಜ್ಯೋತ್ಸವದ ಊಟಕ್ಕೆ ಬಸ್ಸಾರು ಮಾಡಿಸಿದ್ದು ನೆನಪಿದೆ ಅಲ್ವಾ? ಅದಕ್ಕೆ ಹಾಕಿದ ದಂಟಿನ ಸೊಪ್ಪು ನಮ್ಮ ಸಂಘದ ಕೈತೋಟದ್ದು ಅಂತ ಮೈಕ್ ಹಿಡಿದು ಹೇಳಿದ್ವಿ. ಚಪ್ಪಾಳೆನೂ ಬಿತ್ತು. ಈಗ ನಿಜ ಹೇಳಿಬಿಡ್ತೀವಿ: ಆ ಸೊಪ್ಪು ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ನಮ್ಮಲ್ಲಿ ಇಬ್ಬರು ಬೈಕಲ್ಲಿ ಹೋಗಿ ಮಾರ್ಕೆಟ್‌ನಿಂದ ಗೋಣಿಚೀಲದಲ್ಲಿ ತುಂಬಿಕೊಂಡು ಬಂದದ್ದು. ನಮ್ಮ ತೋಟದಲ್ಲಿ ಅಷ್ಟು ಹೊತ್ತಿಗೆ ಉಳಿದಿದ್ದು ಒಡೆದ ಹಲಗೆ, ಕೊಚ್ಚೆ, ಮತ್ತೆ ಬಾಡಿ ನಿಂತ ಆರು ಟೊಮೇಟೊ ಗಿಡ.

ಈ ಸಲ ಮತ್ತೆ ಮಾಡ್ತಿದ್ದೀವಿ. ಕಾಂಕ್ರೀಟ್ ಲ್ಯಾಬ್ ಹಿಂದಿನ ಖಾಲಿ ಜಾಗ ಬೈಕ್ ಪಾರ್ಕಿಂಗ್‌ಗೆ ಹೋಗಬೇಕಿತ್ತು, ಕೇಳಿಕೊಂಡಿದ್ದಕ್ಕೆ ಜನವರಿ ತನಕ ನಮಗೆ ಬಿಟ್ಟಿದ್ದಾರೆ. ಅಷ್ಟರೊಳಗೆ ಏನಾದ್ರೂ ಬೆಳೆದು ತೋರಿಸಿದರೆ ಜಾಗ ಉಳಿಯುತ್ತೆ, ಇಲ್ಲದಿದ್ರೆ ಜಲ್ಲಿ ಸುರೀತಾರೆ. ಹಾಗಾಗಿ ಸಲಿಕೆ ಹಿಡಿಯೋಕೆ ಮೊದಲು ಎರಡು ವಾರ ಬರೀ ಪೇಪರ್ ಮೇಲೆ ಕೂತಿದ್ದೀವಿ. ಆ ಲೆಕ್ಕವನ್ನ ಇಲ್ಲಿ ಬರೆದಿಡ್ತೀವಿ. ನಿಮ್ಮ ರೂಮ್ ಮುಂದೆ, ಊರಲ್ಲಿ ಮನೆ ಹಿತ್ತಲಲ್ಲಿ ಒಂದೇ ಒಂದು ಏರುಮಡಿ ಮಾಡೋರಿಗೂ ಲೆಕ್ಕ ಇದೇ.

ಏರುಮಡಿ ಅಂದ್ರೆ ಗೊತ್ತಿಲ್ಲದವರಿಗೆ ಒಂದು ಮಾತು. ನೆಲಕ್ಕಿಂತ ಅರ್ಧದಿಂದ ಒಂದು ಅಡಿ ಎತ್ತರಕ್ಕೆ ಮಣ್ಣು ಪೇರಿಸಿ ಮಾಡಿದ ಪಾತಿ ಅದು. ರೈತರು ಸಸಿ ಮಡಿ ಮಾಡೋದೂ ಹೀಗೇ. ಸುತ್ತ ಕಟ್ಟು ಕಟ್ಟಿದರೆ ಮಣ್ಣು ಜಾರಲ್ಲ, ನಾವು ಯಾರೂ ಅದರ ಮೇಲೆ ಕಾಲಿಡಲ್ಲ, ಹಾಗಾಗಿ ಮಣ್ಣು ಗಟ್ಟಿಯಾಗಲ್ಲ. ಮಳೆ ಬಂದ್ರೆ ನೀರು ಇಳಿದು ಹೋಗುತ್ತೆ. ಬೆಂಗಳೂರಿನ ಕಡೆ ಇದು ಮುಖ್ಯ, ಯಾಕಂದ್ರೆ ನಮ್ಮಲ್ಲಿ ಜೋರು ಮಳೆ ಬರೋದು ಜೂನ್, ಜುಲೈನಲ್ಲಿ ಅಲ್ಲ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿಂಗಾರು ಬಿತ್ತನೆಗೆ ಸರಿಯಾಗಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ: ಹಾಸ್ಟೆಲ್ ಟೆರೇಸ್ ಮೇಲೆ ಯಾಕೆ ಮಾಡಬಾರದು? ಬಿಸಿಲಿದೆ, ದನ ಬರಲ್ಲ, ಟ್ಯಾಂಕ್ ಪಕ್ಕದಲ್ಲೇ ಇದೆ. ನಮಗೂ ಅದೇ ಆಸೆ ಇತ್ತು. ಆಮೇಲೆ ನಮ್ಮ ಸಿವಿಲ್‌ನವರು ಹತ್ತು ನಿಮಿಷ ಕೂತು ತೂಕ ಹಾಕಿದರು. ನೀರು ಕುಡಿದ ಮಣ್ಣು ಘನ ಮೀಟರಿಗೆ ಸುಮಾರು 1,800 ಕೆಜಿ. 30 ಸೆಂಟಿಮೀಟರ್ ದಪ್ಪ ಹಾಕಿದರೆ ಒಂದು ಚದರ ಮೀಟರ್ ಮೇಲೆ 540 ಕೆಜಿ. ಜನ ಓಡಾಡೋ ಟೆರೇಸಿಗೆ ಐಎಸ್ 875 ಎರಡನೇ ಭಾಗದಲ್ಲಿ ಹೇಳಿರೋ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರೆ ಹತ್ತಿರ ಹತ್ತಿರ 150 ಕೆಜಿ. ಮೂರೂವರೆ ಪಟ್ಟು ಜಾಸ್ತಿ ಆಯ್ತು! ಸ್ಲ್ಯಾಬ್ ನಾಳೆನೇ ಬೀಳುತ್ತೆ ಅಂತಲ್ಲ, ಆದ್ರೆ ಕೆಳಗೆ ಜನ ಮಲಗೋ ಕಟ್ಟಡದ ಮೇಲೆ ಪ್ರಯೋಗ ಮಾಡೋ ಧೈರ್ಯ ನಮಗಿಲ್ಲ. ಟೆರೇಸಿಗೆ ಹಗುರವಾದ ಮಿಶ್ರಣ ತುಂಬಿದ ಸಣ್ಣ ಚೀಲ, ಅದನ್ನೂ ಗೋಡೆ ಅಥವಾ ತೊಲೆ ಇರೋ ಕಡೆ ಮೇಲೆ, ದೂರ ದೂರ ಇಡಬಹುದು. ಏರುಮಡಿ ಮಾತ್ರ ನೆಲದ ಮೇಲೇ.

ಇನ್ನು ಜಾಗ. ಹೋದ ವರ್ಷ ನಾವು ಮೋಸ ಹೋಗಿದ್ದು ಇಲ್ಲೇ, ಮತ್ತು ಇದು ಅರ್ಥ ಆಗೋಕೆ ನಮಗೆ ಒಂದು ವರ್ಷ ಬೇಕಾಯ್ತು. ಜೂನ್‌ನಲ್ಲಿ ಜಾಗ ನೋಡಿದ್ವಿ. ಮೂರು ಅಂತಸ್ತಿನ ಬ್ಲಾಕಿನ ಉತ್ತರಕ್ಕೆ, ಗೋಡೆಯಿಂದ ಮೂರು ಮೀಟರ್ ದೂರ. ಮಧ್ಯಾಹ್ನ ಹೋಗಿ ನಿಂತ್ವಿ, ತಲೆ ಸುಡೋ ಬಿಸಿಲು. ಓಕೆ ಅಂದ್ವಿ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅದೇ ಜಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ನೆರಳು. ಗಿಡಗಳು ಉದ್ದುದ್ದ ಬೆಳೆದು ಬಳುಕೋಕೆ ಶುರು ಮಾಡಿದ್ವು.

ಕಾರಣ ಹೈಸ್ಕೂಲ್ ಭೂಗೋಳ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಸೂರ್ಯ 23.4 ಡಿಗ್ರಿ ಉತ್ತರಕ್ಕೆ ಹೋಗಿರ್ತಾನೆ, ಅಂದ್ರೆ ನಮ್ಮ ತಲೆಗಿಂತ ಉತ್ತರಕ್ಕೆ. ಆಗ ಕಟ್ಟಡದ ಮಧ್ಯಾಹ್ನದ ನೆರಳು ಬೀಳೋದು ದಕ್ಷಿಣಕ್ಕೆ. ಡಿಸೆಂಬರ್‌ನಲ್ಲಿ ಅವನು ಅಷ್ಟೇ ದಕ್ಷಿಣಕ್ಕೆ ಇಳಿದಿರ್ತಾನೆ, ಮಧ್ಯಾಹ್ನದ ಎತ್ತರ ಬರೀ 53 ಡಿಗ್ರಿ ಚಿಲ್ಲರೆ. ಹತ್ತು ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ ಏಳು ಮೀಟರ್‌ಗಿಂತ ಜಾಸ್ತಿ ಚಾಚುತ್ತೆ. ಅಕ್ಟೋಬರ್ ಮಧ್ಯಕ್ಕೇ ನಾಲ್ಕು ಮೀಟರ್ ಆಗಿರುತ್ತೆ. ನಮ್ಮ ಮಡಿ ಮೂರು ಮೀಟರಲ್ಲಿತ್ತು. ಮೂರು ವರ್ಷ ಇಂಜಿನಿಯರಿಂಗ್ ಓದಿದವರಿಗೆ ಒಂದು ಟ್ಯಾನ್ ತೀಟಾ ಹಾಕೋಕೆ ಹೊಳೀಲಿಲ್ಲ. ಆದ್ದರಿಂದ ನೀವು ಹಿಂಗಾರಿಗೆ ಜಾಗ ನೋಡ್ತಿದ್ರೆ ಇವತ್ತಿನ ಬಿಸಿಲು ನೋಡಬೇಡಿ, ಡಿಸೆಂಬರ್ ಬಿಸಿಲಿನ ಲೆಕ್ಕ ಹಾಕಿ: ದಕ್ಷಿಣಕ್ಕಿರೋ ಗೋಡೆಯ ಎತ್ತರದ ಮುಕ್ಕಾಲು ಪಾಲು ದೂರ ಬಿಟ್ಟು ಮಡಿ ಹಾಕಿ. ಹೊಸ ಜಾಗದಲ್ಲಿ ದಕ್ಷಿಣಕ್ಕೆ ನಮಗಿರೋದು ಒಂದೂವರೆ ಮೀಟರ್ ಕಾಂಪೌಂಡ್ ಮಾತ್ರ. ಎರಡು ಮೀಟರ್ ಬಿಟ್ಟಿದ್ದೀವಿ, ಸಾಕು. ಇದೇ ಕಾರಣಕ್ಕೆ ಎತ್ತರ ಬೆಳೆಯೋ ಟೊಮೇಟೊ ಮಡಿ ಎಲ್ಲಕ್ಕಿಂತ ಉತ್ತರಕ್ಕೆ, ಸೊಪ್ಪಿನ ಮಡಿ ದಕ್ಷಿಣಕ್ಕೆ.

ಅಳತೆಗೆ ಬರೋಣ. ಮಡಿ ಎಷ್ಟು ಉದ್ದ ಬೇಕಾದ್ರೂ ಇರಲಿ, ಅಗಲ ಮಾತ್ರ ಕೈಗೆ ಎಟುಕೋ ಹಾಗಿರಬೇಕು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಇರೋಳನ್ನ ಕುಕ್ಕರುಗಾಲಲ್ಲಿ ಕೂರಿಸಿ ಕೈ ಚಾಚಿಸಿದ್ವಿ, ಆರಾಮಾಗಿ ಎಟುಕಿದ್ದು 50 ಸೆಂಟಿಮೀಟರ್. ಎರಡೂ ಕಡೆಯಿಂದ ಸೇರಿ ಒಂದು ಮೀಟರ್. ಅದೇ ಅಗಲ. ಉದ್ದ 2.4 ಮೀಟರ್, ಎತ್ತರ 30 ಸೆಂಟಿಮೀಟರ್. ಇಂಥ ಮೂರು ಮಡಿ, ನಡುವೆ ಅರ್ಧ ಮೀಟರ್ ದಾರಿ. ಒಂದು ಮಡಿಗೆ 0.72 ಘನ ಮೀಟರ್ ಮಣ್ಣು, ಮೂರಕ್ಕೆ 2.16. ನೀರು ಬಿದ್ದ ಮೇಲೆ ಮಣ್ಣು ಕೂರುತ್ತೆ, ಅದಕ್ಕೆ ಸ್ವಲ್ಪ ಜಾಸ್ತಿ ಸೇರಿಸಿ 2.5 ಘನ ಮೀಟರ್, ಅಂದ್ರೆ ಸುಮಾರು 90 ಘನ ಅಡಿ. ಮಣ್ಣಿನವರ ಹತ್ರ ಮಾತಾಡುವಾಗ ಘನ ಅಡಿಯಲ್ಲೇ ಮಾತಾಡಿ, 'ಒಂದು ಲೋಡ್' ಅಂದ್ರೆ ಯಾರ ಲೋಡ್ ಎಷ್ಟು ಅಂತ ದೇವರಿಗೇ ಗೊತ್ತು.

ಈಗ ಕಟ್ಟು. ಹೋದ ಸಲ ಸೆಂಟ್ರಿಂಗ್‌ಗೆ ಬಳಸಿ ಬಿಸಾಡಿದ ಹಲಗೆ ತಂದು ನಿಲ್ಲಿಸಿದ್ವಿ. ಅದು ಸಾಲದು ಅಂತ 'ನೀರು ಉಳಿಸೋಣ' ಅಂತ ತಳಕ್ಕೆ ಟಾರ್ಪಾಲು ಹಾಸಿದ್ವಿ. ನಮ್ಮ ಮಾಲಿ ತಾತ ನೋಡಿ "ನೀರಿಗೆ ದಾರಿ ಬಿಡ್ರಪ್ಪಾ, ಎಲ್ಲಿಗೆ ಹೋಗ್ಬೇಕು ಅದು?" ಅಂದ್ರು. ನಾವು ಡ್ರಾಯಿಂಗ್ ತೋರಿಸಿದ್ವಿ. ಅವರು ಬೀಡಿ ಹಚ್ಚಿಕೊಂಡು ಹೋದ್ರು.

ಆದದ್ದು ಇಷ್ಟು. ಒಂದು ಅಡಿ ಎತ್ತರದ ಮಣ್ಣು ಪಕ್ಕದ ಹಲಗೆಯನ್ನ ತಳ್ಳೋ ಬಲ ಜಾಸ್ತಿ ಏನಲ್ಲ, ಒಂದು ಮೀಟರ್ ಉದ್ದಕ್ಕೆ 25, 30 ಕೆಜಿ. ಆದರೆ ಕೆಳಗೆ ಪ್ಲಾಸ್ಟಿಕ್ ಇದ್ದು ನೀರು ಹೊರಗೆ ಹೋಗದೆ ಅಂಚಿನ ತನಕ ತುಂಬಿದರೆ ಮಣ್ಣಿನ ಜೊತೆ ನೀರೂ ತಳ್ಳುತ್ತೆ. ಲೆಕ್ಕ ಹಾಕಿದರೆ ಬಲ ಎರಡು ಪಟ್ಟು ದಾಟುತ್ತೆ. 2.4 ಮೀಟರ್ ಹಲಗೆ ಮೇಲೆ ಒಟ್ಟು 150 ಕೆಜಿ ಹತ್ತಿರ, ನಡುವೆ ಒಂದೂ ಗೂಟ ಇಲ್ಲ. ಮೂರು ದಿನ ಮಳೆ ಹಿಡಿಯಿತು, ನಾಲ್ಕನೇ ಬೆಳಿಗ್ಗೆ ಹಲಗೆ ಹೊಟ್ಟೆ ಬಂದು ಒಡೆದಿತ್ತು. ಒಡೆಯದ ಮಡಿಯಲ್ಲೂ ಬೇರಿಗೆ ಗಾಳಿ ಇಲ್ಲದೆ ಟೊಮೇಟೊ ಸತ್ತವು. ಮಣ್ಣಲ್ಲಿ ನೀರು ನಿಂತರೆ ಗಿಡ ಬಾಡುತ್ತೆ ಅನ್ನೋದು ನೋಡೋಕೆ ವಿಚಿತ್ರ. ಎಲೆ ಜೋತು ಬಿದ್ದಿರುತ್ತೆ, ನಾವು ನೀರು ಸಾಲದು ಅಂತ ಇನ್ನೂ ಎರಡು ಬಕೆಟ್ ಸುರೀತೀವಿ. ಹಾಗೇ ಮಾಡಿದ್ವಿ ಕೂಡ.

ಈ ಸಲ ಹಲಗೆ ಇಲ್ಲ. ಕಾಂಕ್ರೀಟ್ ಲ್ಯಾಬಿನ ಹಿಂದೆ ಟೆಸ್ಟ್ ಆಗಿ ಬಿದ್ದಿರೋ ಕ್ಯೂಬ್‌ಗಳ ರಾಶಿ ನೋಡಿದ್ದೀರಲ್ಲ, ಪ್ರತಿ ಬ್ಯಾಚೂ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಮಷೀನಿಗೆ ಕೊಟ್ಟು ಒಡೆದದ್ದು. 150 ಮಿಲಿಮೀಟರ್ ಕ್ಯೂಬ್, ಒಂದೊಂದೂ ಎಂಟು ಕೆಜಿ. ಬಿರುಕು ಬಿಟ್ಟರೂ ಮುಕ್ಕಾಲು ಪಾಲು ಗಟ್ಟಿಯಾಗೇ ಇವೆ. ಒಂದರ ಮೇಲೊಂದು ಎರಡು ವರಸೆ ಇಟ್ಟರೆ ಸರಿಯಾಗಿ 30 ಸೆಂಟಿಮೀಟರ್! ಗಾರೆ ಬೇಡ. ಒಂದು ಮೀಟರ್ ಉದ್ದದ ಕಟ್ಟಿನ ತೂಕ 100 ಕೆಜಿ ದಾಟುತ್ತೆ, ಒಳಗಿನ ಮಣ್ಣಿನ ತಳ್ಳುವಿಕೆಗೆ ಅದು ಜಗ್ಗಲ್ಲ. ಸಂದಿಗಳಲ್ಲಿ ನೀರು ಸೋರಿ ಹೋಗುತ್ತೆ, ಅದೇ ಬೇಕಾಗಿರೋದು. ಒಂದು ಮಡಿಗೆ ನೂರು ಕ್ಯೂಬ್, ಮೂರಕ್ಕೆ ಮುನ್ನೂರು. ಎಣಿಸಿದ್ವಿ, ಚೆನ್ನಾಗಿರೋದು 210 ಸಿಕ್ಕಿದೆ. ಮೂರನೇ ಮಡಿಗೆ ಸಾಲಿಡ್ ಬ್ಲಾಕ್ ತರಬೇಕು. ಅಚ್ಚಿನ ಎಣ್ಣೆ ಕಲೆ ಜಾಸ್ತಿ ಇರೋ ಕ್ಯೂಬ್ ಮಾತ್ರ ತೆಗೆದಿಟ್ಟಿದ್ದೀವಿ, ತಿನ್ನೋ ಸೊಪ್ಪಿನ ಪಕ್ಕ ಅದು ಬೇಡ. ಸಿಮೆಂಟಿನಿಂದ ಸ್ವಲ್ಪ ಸುಣ್ಣ ಇಳಿಯುತ್ತೆ ಅನ್ನೋದು ನಿಜ, ಆದ್ರೆ ಇವು ವರ್ಷಗಟ್ಟಲೆ ಮಳೆಗೆ ನೆಂದು ಹಳತಾದವು. ಹೊಸದಾಗಿದ್ರೆ ಚೆನ್ನಾಗಿ ತೊಳೆದು ಇಡಿ.

ತಳಕ್ಕೆ ಏನೂ ಹಾಸಲ್ಲ. ಇರೋ ನೆಲವನ್ನೇ ಗುದ್ದಲಿಯಲ್ಲಿ ಒಂದು ಗೇಣು ಅಗೆದು ಸಡಿಲ ಮಾಡಿ ಅದರ ಮೇಲೆ ಮಣ್ಣು. ಬೇರು ಕೆಳಗೂ ಇಳಿಯಲಿ, ನೀರೂ ಇಳಿಯಲಿ.

ಮಣ್ಣಿನ ಮಿಶ್ರಣಕ್ಕೆ ಯೂಟ್ಯೂಬಲ್ಲಿ ನೂರು ಪಾಕ ಇದೆ. ನಮ್ಮದು ಸರಳ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಸೊಪ್ಪಿನ ಮಡಿಗೆ ಮಾತ್ರ ಮೇಲಿನ ನಾಲ್ಕು ಬೆರಳಿಗೆ ಸ್ವಲ್ಪ ಎರೆಗೊಬ್ಬರ. ಕೋಕೋಪೀಟ್ ಟೆರೇಸ್ ಚೀಲಕ್ಕೆ ತೂಕ ಕಮ್ಮಿ ಮಾಡೋಕೆ ಒಳ್ಳೇದು, ನೆಲದ ಮಡಿಗೆ ದುಡ್ಡು ದಂಡ ಅನ್ನೋದು ನಮ್ಮ ಅಭಿಪ್ರಾಯ. 'ಕಳಿತ' ಅನ್ನೋ ಪದದ ಮೇಲೆ ಗಮನ ಇರಲಿ. ಹಸಿ ಸಗಣಿ ಮಣ್ಣೊಳಗೆ ಬಿಸಿ ಆಗುತ್ತೆ, ಎಳೆ ಬೇರು ಸುಡುತ್ತೆ, ಜೊತೆಗೆ ಗೊಣ್ಣೆಹುಳು ಬರುತ್ತೆ. ಕಳಿತ ಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಪುಡಿ, ಸಗಣಿ ವಾಸನೆ ಇರಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತೆ.

ಮಣ್ಣು ತರಿಸೋ ಮುಂಚೆ ಸ್ಯಾಂಪಲ್ ಕೇಳಿ. ಒಂದು ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಜೋರಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತೆ, ಅದರ ಮೇಲೆ ನುಣುಪಾದ ರೇವೆ ಕೆಲವು ಗಂಟೆಗೆ, ಜೇಡಿ ಕೂರೋಕೆ ಒಂದು ದಿನ ಇಲ್ಲ ಎರಡು ದಿನ. ಪದರಗಳನ್ನ ಸ್ಕೇಲ್ ಇಟ್ಟು ಅಳೀರಿ. ನಮ್ಮ ಮೊದಲ ಸ್ಯಾಂಪಲ್‌ನಲ್ಲಿ ಅರ್ಧಕ್ಕರ್ಧ ಜೇಡಿ ಬಂತು, ಪಾಯ ಅಗೆದ ಮಣ್ಣು ಅದು. ವಾಪಸ್ ಕಳಿಸಿದ್ವಿ. ಎರಡನೆಯದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮರಳು, ಜೇಡಿ ಕಾಲು ಭಾಗಕ್ಕಿಂತ ಕಮ್ಮಿ. ಅದಕ್ಕೆ ಹೂಂ ಅಂದಿದ್ದೀವಿ.

ಏನು ಬೆಳೆಯೋದು ಅನ್ನೋದು ದೊಡ್ಡ ಜಗಳ. ಎಲ್ಲರೂ ಅವರವರ ಅಮ್ಮ ಮಾಡೋ ಹುಳಿಯ ತರಕಾರಿ ಹೇಳಿದ್ರು. ಕೊನೆಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಿನಿಂದ ಎಣಿಸಿದ್ವಿ. ಬಿತ್ತನೆ ಅಕ್ಟೋಬರ್ 4. ಪರೀಕ್ಷೆ ಜನವರಿ ಮೊದಲ ವಾರ. ಕೈಯಲ್ಲಿರೋದು ತೊಂಬತ್ತು ದಿನ. ಅದರೊಳಗೆ ಮುಗಿಯದ ಬೆಳೆ ಔಟ್.

ದಂಟು, ಮೆಂತ್ಯ ಎರಡೂ 25ರಿಂದ 30 ದಿನ. ಅಕ್ಟೋಬರ್ 4ಕ್ಕೆ ಬಿತ್ತಿದರೆ ನವೆಂಬರ್ 1ಕ್ಕೆ 28 ದಿನ, ಬಸ್ಸಾರಿಗೆ ಸರಿಯಾಗುತ್ತೆ. ಪಾಲಕ್ ಮೊದಲ ಕೊಯ್ಲಿಗೆ 35, 40 ದಿನ, ಆಮೇಲೆ ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ಕೊತ್ತಂಬರಿ 40, 45. ಬೀಜವನ್ನ ಚಪ್ಪಲಿಯಲ್ಲೋ ಇಟ್ಟಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೂಲಂಗಿ 45 ದಿನ. ನವಿಲುಕೋಸು ಸಸಿ ನೆಟ್ಟ ಮೇಲೆ ಎರಡು ತಿಂಗಳೊಳಗೆ. ಬೀಟ್ರೂಟ್ 60ರಿಂದ 70. ಹುರುಳಿಕಾಯಿ, ಅದೇ ಬೀನ್ಸ್, 50 ದಿನಕ್ಕೆ ಮೊದಲ ಕೊಯ್ಲು, ಎರಡೂವರೆ ತಿಂಗಳಿಗೆ ಮುಗಿಯುತ್ತೆ. ಇವೆಲ್ಲ ಒಳಗೆ.

ಬೆಂಡೆಕಾಯಿ ಔಟ್. ದಿನ ಕಮ್ಮಿ ಬೇಕಾದ್ರೂ ಅದಕ್ಕೆ ಬಿಸಿ ಬೇಕು, ನಮ್ಮ ಡಿಸೆಂಬರ್ ರಾತ್ರಿಗಳಲ್ಲಿ ಅದು ಮುದುಡಿಕೊಂಡು ಕೂರುತ್ತೆ. ಫೆಬ್ರವರಿಗೆ ನೋಡೋಣ, ಜಾಗ ಉಳಿದರೆ.

ಟೊಮೇಟೊ ಬೀಜದಿಂದ ಶುರು ಮಾಡಿದರೆ ಸಸಿಗೆ 25 ದಿನ, ನೆಟ್ಟ ಮೇಲೆ ಎರಡು ತಿಂಗಳು ಮೇಲೆ. ಹಣ್ಣು ಬರೋ ಹೊತ್ತಿಗೆ ನಾವು ಹಾಲ್ ಟಿಕೆಟ್ ಹಿಡಿದು ನಿಂತಿರ್ತೀವಿ. ಆದ್ದರಿಂದ ನರ್ಸರಿಯಿಂದ 25 ದಿನದ ಸಸಿಯನ್ನೇ ತರೋದು. ತಳಿ ಕೇಳಿ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುರುಟು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯೋ ಹಾಗೆ ಮಾಡಿದ ಹೈಬ್ರಿಡ್. ಬಿಳಿನೊಣ ಜಾಸ್ತಿ ಇರೋ ನಮ್ಮ ಕಡೆಗೆ ಒಳ್ಳೇದು. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಇಟ್ಟುಕೊಂಡು ಮತ್ತೆ ಹಾಕಿದರೆ ಅದೇ ಗುಣ ಬರಲ್ಲ. ಹುರುಳಿಕಾಯಿಗೆ ಅದೇ ಸಂಸ್ಥೆಯ ಅರ್ಕಾ ಕೋಮಲ್, ಇದು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಂಡು ಮುಂದಿನ ಬ್ಯಾಚಿಗೆ ಕೊಡಬಹುದು.

ಅವರೆಕಾಯಿ ಬಗ್ಗೆ ಹಾಸನದ ಹುಡುಗರು ಬಿಡಲೇ ಇಲ್ಲ. ನಾಟಿ ಅವರೆಗೆ ಒಂದು ಸ್ವಭಾವ ಇದೆ, ಹಗಲು ಚಿಕ್ಕದಾಗೋ ತನಕ ಹೂ ಬಿಡಲ್ಲ. ಅದಕ್ಕೇ ಮಳೆಗಾಲದಲ್ಲಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಬಿತ್ತಿದ್ರೂ ಸೊಗಡಿನ ಕಾಯಿ ಸಿಗೋದು ಚಳಿಗೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆ 4ಕ್ಕೆ ಆ ಹಂಗಿಲ್ಲ, ಗಿಡ ಗಿಡ್ಡ, ಯಾವ ಕಾಲಕ್ಕಾದ್ರೂ ಹಾಕಬಹುದು. ಸೊಗಡು ಮಾತ್ರ ನಾಟಿಯದಷ್ಟಿಲ್ಲ ಅನ್ನೋದು ಹಾಸನದವರ ತಕರಾರು. ಮೂರನೇ ಮಡಿಯ ಒಂದು ಅಂಚಿಗೆ ಒಂದೇ ಸಾಲು ಹಾಕಿ ರಾಜಿ ಮಾಡಿಕೊಂಡಿದ್ದೀವಿ.

ಬಸ್ಸಾರಿನ ಲೆಕ್ಕವನ್ನೂ ಈ ಸಲ ಪ್ರಾಮಾಣಿಕವಾಗಿ ಹಾಕಿದ್ವಿ. ಚದರ ಮೀಟರಿಗೆ ಒಂದು ಕೆಜಿ ಸೊಪ್ಪು ಬಂದರೆ ಚೆನ್ನಾಗಿ ಬಂದ ಹಾಗೆ. ಪೂರಾ ಒಂದು ಮಡಿಗೆ ದಂಟು, ಮೆಂತ್ಯ ಹಾಕಿದರೆ ಎರಡೂವರೆ ಕೆಜಿ. ತಲೆಗೆ 60 ಗ್ರಾಂ ಅಂದ್ರೆ ನಲವತ್ತು ಜನಕ್ಕೆ ಆಗುತ್ತೆ. ಹೋದ ವರ್ಷ ಇನ್ನೂರು ಜನಕ್ಕೆ ಬಡಿಸ್ತೀವಿ ಅಂದಿದ್ವಿ! ಇನ್ನೂರಕ್ಕೆ ಇಂಥ ಐದು ಮಡಿ ಬರೀ ಸೊಪ್ಪಿಗೇ ಬೇಕಿತ್ತು. ಈ ಸಲ ನವೆಂಬರ್ 1ರ ಬಸ್ಸಾರು ಸಂಘದ ನಲವತ್ತು ಜನಕ್ಕೆ ಮಾತ್ರ, ಮಿಕ್ಕವರಿಗೆ ಮೆಸ್ಸಿನ ಪಲಾವ್, ಬೇಜಾರು ಮಾಡ್ಕೋಬೇಡಿ. ಅದಕ್ಕೇ ಮೊದಲ ತಿಂಗಳು ಸೊಪ್ಪಿನ ಮಡಿ ಪೂರ್ತಿ ಒಂದೇ ದಿನ ಬಿತ್ತೋದು. ನವೆಂಬರ್ 2ರ ನಂತರ ಹತ್ತು ದಿನಕ್ಕೊಂದು ಪಟ್ಟಿ ಬಿತ್ತುತ್ತಾ ಹೋಗೋದು: ಪಾಲಕ್, ಕೊತ್ತಂಬರಿ, ಮತ್ತೆ ಮೆಂತ್ಯ. ಒಂದೇ ಸಲ ಎಲ್ಲಾ ಬಂದು ಹಾಳಾಗೋದು ಬೇಡ.

ದಂಟಿನ ಬೀಜ ಸಾಸಿವೆಗಿಂತ ಸಣ್ಣ. ಹತ್ತು ಪಾಲು ಒಣ ಮರಳಿಗೆ ಬೆರೆಸಿ ಉದುರಿಸಿ, ಇಲ್ಲದಿದ್ರೆ ಒಂದು ಕಡೆ ಗುಂಪು, ಇನ್ನೊಂದು ಕಡೆ ಬೋಳು. ಇರುವೆಗಳು ಬೀಜ ಹೊತ್ತುಕೊಂಡು ಹೋಗ್ತವೆ. ಮಡಿ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿ ಅಂದ್ರು ತಾತ, ಅವು ಅದನ್ನ ಸಾಗಿಸಿ ಮುಗಿಸೋ ಹೊತ್ತಿಗೆ ಬೀಜ ಮೊಳೆತಿರುತ್ತಂತೆ. ಈ ಸಲ ಅವರ ಮಾತಿಗೆ ಡ್ರಾಯಿಂಗ್ ತೋರಿಸಲ್ಲ.

ಕೊನೆಗೆ ನೀರು. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಕಡೆ ಗಿಡ, ಮಣ್ಣು ಸೇರಿ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಆವಿ ಆಗುತ್ತೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಅಂದ್ರೆ ಒಂದು ಲೀಟರ್. ಮೂರು ಮಡಿ 7.2 ಚದರ ಮೀಟರ್, ದಿನಕ್ಕೆ 29 ಲೀಟರ್, ಅಂದ್ರೆ ಬಚ್ಚಲ ಬಕೆಟ್ ಎರಡು. ಅಷ್ಟೇ! ಹೋದ ವರ್ಷ ಪೈಪ್ ಬಿಟ್ಟು ಅರ್ಧ ಗಂಟೆ ಫೋನ್ ನೋಡ್ತಾ ನಿಂತಿರ್ತಿದ್ವಿ. ಸಾಲಿನ ನಡುವೆ ಒಣಗಿದ ಎಲೆಯೋ ರಾಗಿ ಹುಲ್ಲೋ ಎರಡು ಬೆರಳು ದಪ್ಪ ಹೊದಿಸಿದರೆ ಅದೂ ಕಮ್ಮಿ ಸಾಕು, ದೀಪಾವಳಿಗೆ ಎಲ್ಲರೂ ಊರಿಗೆ ಹೋದಾಗ ಎರಡು ದಿನ ತಡೆಯುತ್ತೆ. ಮೂರನೇ ದಿನಕ್ಕೆ ಯಾರಾದ್ರೂ ಇರಲೇಬೇಕು. ಎಳೆ ಸಸಿ ಕಾಯಲ್ಲ.

ಹಾಸ್ಟೆಲ್ ಆರ್‌ಓ ಮಷೀನು ಬಿಡೋ ನೀರು ಸುಮ್ಮನೆ ಚರಂಡಿಗೆ ಹೋಗ್ತಿದೆ, ಅದನ್ನೇ ಹಾಕೋಣ ಅಂತ ಕೆಮಿಕಲ್‌ನವರು ಹೇಳಿದ್ರು, ಆಮೇಲೆ ಅವರೇ ಲೆಕ್ಕ ಹಾಕಿ ಎಚ್ಚರಿಸಿದ್ರು. ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಕುಡಿಯೋ ನೀರು ಬಂದರೆ, ಎಲ್ಲಾ ಉಪ್ಪೂ ಉಳಿದ ಎರಡು ಲೀಟರಲ್ಲೇ, ಅಂದ್ರೆ ಬೋರ್ ನೀರಿಗಿಂತ ಒಂದೂವರೆ ಪಟ್ಟು. ಬೀಟ್ರೂಟ್, ಪಾಲಕ್ ಉಪ್ಪು ಸ್ವಲ್ಪ ತಡೆದುಕೊಳ್ತವೆ. ಹುರುಳಿಕಾಯಿ ಒಂಚೂರೂ ತಡೆಯಲ್ಲ, ಎಲೆ ಅಂಚು ಸುಟ್ಟ ಹಾಗಾಗುತ್ತೆ. ಹಾಗಾಗಿ ಆರ್‌ಓ ನೀರು ಬೀಟ್ರೂಟ್, ಪಾಲಕ್‌ಗೆ ಮಾತ್ರ, ಅದೂ ಒಂದು ದಿನ ಬಿಟ್ಟು ಒಂದು ದಿನ.

ತಲಾ 60 ರೂಪಾಯಿ ಕೊಟ್ಟವರ ಪಟ್ಟಿ ನೋಟಿಸ್ ಬೋರ್ಡಲ್ಲಿದೆ, ಇನ್ನೂ ಹನ್ನೊಂದು ಜನ ಬಾಕಿ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಕ್ಯೂಬ್ ಹೊರೋ ಕೆಲಸ, ಶೂ ಹಾಕ್ಕೊಂಡು ಬನ್ನಿ, ಎಂಟು ಕೆಜಿ ಕಾಲ ಮೇಲೆ ಬಿದ್ರೆ ಸುಮ್ಮನೆ ಇರಲ್ಲ. ದೀಪಾವಳಿಗೆ ಊರಿಗೆ ಹೋಗದೆ ಹಾಸ್ಟೆಲಲ್ಲೇ ಇರೋರು ಮೊದಲೇ ಹೆಸರು ಕೊಡಿ, ಬಕೆಟ್ ನಾವು ಇಟ್ಟಿರ್ತೀವಿ.